ಏರಿಗೊಂದು ಹಾಡು

ಜಿಮ್ಮಿನಲ್ಲಿ ಗುಂಪಾಗಿ, ನಿಂತಲ್ಲೇ ಸೈಕಲ್ ತುಳಿಯುವ ಸ್ಪಿನ್ ಕ್ಲಾಸಿಗೆ ಹಾಡು ಆರಿಸುವುದೆಂದರೆ ವೇಗದ ಹಾಡುಗಳನ್ನು ಗುಡ್ಡೆ ಹಾಕುವುದು ಎಂದು ಬಹಳ ಜನ ತಿಳಿದಿದ್ದಾರೆ. ಹೊಸದಾಗಿ ಸೇರಿದವರು ಮಾತ್ರವಲ್ಲ, ಹೊಸದಾಗಿ ಕಲಿಸಲು ತೊಡಗಿದವರೂ ಹಾಗೆಯೇ ತಿಳಿದಿರುತ್ತಾರೆ. ಮದುವೆ ಮನೆಯಲ್ಲಿ ಕುಣಿಸಿದ ಹಾಡು, ಗಣೇಶನ ಮೆರವಣಿಗೆಯಲ್ಲಿ ಕಿವಿಗೆ ಬಿದ್ದ ಹಾಡು, ಈ ವಾರ ಎಲ್ಲರ ಮೊಬೈಲಿನಲ್ಲೂ ಮೊಳಗುತ್ತಿರುವ ಹಾಡು, ಎಲ್ಲವನ್ನೂ ಪೋಣಿಸಿ ದನಿ ಏರಿಸಿಬಿಟ್ಟರೆ ಮುಕ್ಕಾಲು ಗಂಟೆ ತಾನಾಗಿ ಉರುಳುತ್ತದೆ ಎಂಬ ನಂಬಿಕೆ ಅದು. ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಇಂಥ ತರಗತಿಗಳನ್ನು ನಡೆಸುತ್ತ ಬಂದ ನನಗೆ ಆ ನಂಬಿಕೆ ಒಪ್ಪಿಗೆಯಿಲ್ಲ. ತರಗತಿಯ ಜೀವ ಇರುವುದು ಏರಿನಲ್ಲಿ, ಅಂದರೆ ಚಕ್ರ ಬಿಗಿ ಮಾಡಿಕೊಂಡು ಬೆಟ್ಟ ಹತ್ತುವಂತೆ ತುಳಿಯುವ ಭಾಗದಲ್ಲಿ. ಏರಿಗೆ ತಕ್ಕ ಹಾಡು ಸಿಕ್ಕ ಮೇಲೆ ಉಳಿದವು ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ಆದ್ದರಿಂದ ನಾನು ಪ್ಲೇಲಿಸ್ಟನ್ನು ನಡುವಿನಿಂದ ಕಟ್ಟುತ್ತೇನೆ. ತರಗತಿಯ ಮೊದಲ ಹಾಡನ್ನು ಆರಿಸುವುದು ಎಲ್ಲಕ್ಕಿಂತ ಕೊನೆಗೆ.

ಈ ಸೈಕಲ್ಲಿನ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಇದು ನಿಂತಲ್ಲೇ ನಿಂತಿರುವ ಸೈಕಲ್. ಮುಂದೆ ಫ್ಲೈವೀಲ್ ಎಂಬ ಒಂದು ಭಾರವಾದ ಚಕ್ರ ಇರುತ್ತದೆ. ಹಲವು ಮಾದರಿಗಳಲ್ಲಿ ಅದರ ತೂಕ 15 ಕಿಲೋ ಮೀರುತ್ತದೆ. ಕೈಗೆಟಕುವಲ್ಲಿ ಒಂದು ನಾಬ್. ಅದನ್ನು ಬಲಕ್ಕೆ ತಿರುಗಿಸಿದಷ್ಟೂ ಚಕ್ರ ಬಿಗಿಯಾಗುತ್ತದೆ, ಕಾಲಿಗೆ ಭಾರ ಹೆಚ್ಚುತ್ತದೆ. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜಾನಿ ಗೋಲ್ಡ್‌ಬರ್ಗ್ ಎಂಬ ಸೈಕಲ್ ಪಟು 1980ರ ದಶಕದಲ್ಲಿ, ಅಮೆರಿಕವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ದಾಟುವ ದೀರ್ಘ ಓಟಕ್ಕೆ ಮನೆಯಲ್ಲೇ ತಯಾರಾಗಲೆಂದು ಇಂಥದೊಂದನ್ನು ಕಟ್ಟಿಕೊಂಡರು. ಅದರಿಂದಲೇ ಸಂಗೀತದೊಂದಿಗೆ ಗುಂಪಾಗಿ ತುಳಿಯುವ ತರಗತಿ ಬೆಳೆಯಿತು. ಇವತ್ತು ನಾವೆಲ್ಲ ಸಲೀಸಾಗಿ ಬಳಸುವ ‘ಸ್ಪಿನ್ನಿಂಗ್’ ಎಂಬ ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್.

ಹೊರಗಿನ ಸೈಕಲ್ಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಹಾಡಿನ ಆಯ್ಕೆಗೆ ನೇರವಾಗಿ ತಟ್ಟುತ್ತದೆ. ಹೊರಗೆ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ಸಾಗುತ್ತದೆ, ಕಾಲು ಸುಮ್ಮನಿರುತ್ತದೆ. ಇಲ್ಲಿ ಬಹುತೇಕ ಬೈಕುಗಳಲ್ಲಿ ಚಕ್ರ ತಿರುಗುತ್ತಿರುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲನ್ನು ಎಳೆದುಕೊಂಡೇ ಹೋಗುತ್ತದೆ. ಹಾಗಾಗಿ ವೇಗದ ಹಾಡಿನ ಬೆನ್ನಿಗೆ ತಟಕ್ಕನೆ ನಿಧಾನದ ಹಾಡು ಬಂದರೆ ಕಾಲು ಗಲಿಬಿಲಿಗೊಳ್ಳುತ್ತದೆ. ಎರಡರ ನಡುವೆ ಚಕ್ರ ತಣಿಯಲು ಅರ್ಧ ನಿಮಿಷವಾದರೂ ಬೇಕು. ಒಳಗೆ ಗಾಳಿಯಿಲ್ಲ, ತಿರುವಿಲ್ಲ, ಎದುರಿಗೆ ಕಾಣುವ ಬೆಟ್ಟವೂ ಇಲ್ಲ. ‘ಈಗ ಏರು’ ಎಂದು ನಾನು ಹೇಳಿದಾಗ ಆ ಏರನ್ನು ನಿಜ ಮಾಡಬೇಕಾದವು ಎರಡೇ: ಚಕ್ರದ ಬಿಗಿ ಮತ್ತು ಹಾಡು.

ಲೆಕ್ಕದಿಂದ ಆರಂಭಿಸಬೇಕು. ಸಮತಟ್ಟು ದಾರಿಯ ಭಾವದಲ್ಲಿ ತುಳಿಯುವಾಗ ನಿಮಿಷಕ್ಕೆ 80ರಿಂದ 110 ಸುತ್ತು, ಏರಿನಲ್ಲಿ 60ರಿಂದ 80 ಸುತ್ತು ಎಂಬುದು ಈ ತರಗತಿಗಳಲ್ಲಿ ನಡೆದುಬಂದ ಅಳತೆ. ಅದಕ್ಕಿಂತ ಹೆಚ್ಚಾದರೆ ಚಕ್ರ ಕಾಲನ್ನು ತಿರುಗಿಸುತ್ತದೆಯೇ ಹೊರತು ಕಾಲು ಚಕ್ರವನ್ನಲ್ಲ. ಸೀಟಿನ ಮೇಲೆ ಮೈ ಕುಪ್ಪಳಿಸತೊಡಗುತ್ತದೆ. ಅದಕ್ಕಿಂತ ಕಡಿಮೆಯಾಗಿ, ಬಿಗಿಯೂ ಜೋರಾಗಿದ್ದರೆ ಮಂಡಿಗೆ ಹೊರೆ. ಈ ಎರಡು ಗೆರೆಗಳ ನಡುವೆ ಹಾಡನ್ನು ಕೂರಿಸಬೇಕು.

ಕರ್ನಾಟಕ ಸಂಗೀತದ ಸರಳೆ, ಅಲಂಕಾರಗಳನ್ನು ಬಾಲ್ಯದಲ್ಲಿ ಕಲಿತವರಿಗೆ ಈ ಲೆಕ್ಕ ಥಟ್ಟನೆ ಹಿಡಿಯುತ್ತದೆ. ತಾಳ ಹಾಕುವ ಕೈ ಒಂದೇ ವೇಗದಲ್ಲಿರುತ್ತದೆ. ಒಂದನೇ ಕಾಲದಲ್ಲಿ ಪೆಟ್ಟಿಗೊಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಪೆಡಲ್ ತುಳಿಯುವುದೂ ಹೀಗೆಯೇ. ನಿಮಿಷಕ್ಕೆ 85 ಪೆಟ್ಟಿನ ಹಾಡಿದ್ದರೆ ಪೆಟ್ಟಿಗೊಂದು ಪೂರ್ತಿ ಸುತ್ತು ಬರಲಿ: ಬಲಗಾಲು ಪ್ರತಿ ಪೆಟ್ಟಿಗೂ ಕೆಳಗಿಳಿಯುತ್ತದೆ, ಎಡಗಾಲು ಪೆಟ್ಟುಗಳ ನಡುವಿನ ಜಾಗದಲ್ಲಿ ಇಳಿಯುತ್ತದೆ. ಅದು 85 ಸುತ್ತು, ಹಿತವಾದ ಸಮತಟ್ಟು ದಾರಿ. 130 ಪೆಟ್ಟಿನ ಹಾಡಿದ್ದರೆ ಪೆಟ್ಟಿಗೊಂದು ಕಾಲು: ಬಲ, ಎಡ, ಬಲ, ಎಡ. ಆಗ ಸುತ್ತು 65. ಅದು ಏರು.

ಈಗ ಇದರ ವಿಶೇಷ ನೋಡಿ. ಜನ ‘ಮೆಲೋಡಿ’ ಎಂದು ಕರೆಯುವ, ಸಂಜೆ ಹೊತ್ತು ಕೇಳಲು ಇಷ್ಟಪಡುವ 90 ಪೆಟ್ಟಿನ ಹಾಡು ಸೈಕಲ್ಲಿನ ಮೇಲೆ ಚುರುಕಾದ ಓಟವಾಗುತ್ತದೆ. ಮದುವೆ ಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿದ 130 ಪೆಟ್ಟಿನ ಹಾಡು ಇಲ್ಲಿ ಭಾರವಾದ, ನಿಧಾನವಾದ ಏರಾಗುತ್ತದೆ. ಕಿವಿಗೆ ವೇಗವಾದದ್ದು ಕಾಲಿಗೆ ನಿಧಾನ, ಕಿವಿಗೆ ನಿಧಾನವಾದದ್ದು ಕಾಲಿಗೆ ವೇಗ. ಇದು ತಿಳಿದ ಮೇಲೆ ನಾನು ಹಾಡುಗಳನ್ನು ವೇಗದ್ದು, ನಿಧಾನದ್ದು ಎಂದು ವಿಂಗಡಿಸುವುದನ್ನೇ ಬಿಟ್ಟೆ. ಕೂತು ಕೇಳುವಾಗ ಮಂಡಿಯ ಮೇಲೆ ಎರಡು ಕೈಯನ್ನೂ ಇಟ್ಟು, ಬಲ-ಎಡ ಎಂದು ತಟ್ಟುತ್ತೇನೆ. ಕೈ ಎಲ್ಲಿ ನೆಲೆಗೊಳ್ಳುತ್ತದೆಯೋ ಅದೇ ಆ ಹಾಡಿನ ಜಾಗ.

ಎಲ್ಲಿಯೂ ನೆಲೆಗೊಳ್ಳದ ಹಾಡುಗಳೂ ಇವೆ. 110ರಿಂದ 120ರ ನಡುವಿನ ಪೆಟ್ಟಿನವು ಅಂಥವು. 115 ಪೆಟ್ಟಿನ ಹಾಡಿಗೆ ಪೆಟ್ಟಿಗೊಂದು ಕಾಲು ಇಟ್ಟರೆ 57-58 ಸುತ್ತು, ಏರಿಗೂ ಕಡಿಮೆಯಾಯಿತು. ಪೆಟ್ಟಿಗೊಂದು ಸುತ್ತು ಇಟ್ಟರೆ 115, ಓಟಕ್ಕೂ ಹೆಚ್ಚಾಯಿತು. ನಡುವೆ ಯಾವ ದಾರಿಯೂ ಇಲ್ಲ. ಕನ್ನಡದ ಎಷ್ಟೋ ಚೆಂದದ ಹಾಡುಗಳು ಈ ಸಂದಿಯಲ್ಲೇ ಸಿಕ್ಕಿಬಿದ್ದಿವೆ. ಯಾರಾದರೂ ಬಂದು ‘ಮೇಡಂ, ಆ ಹಾಡು ಒಮ್ಮೆ ಹಾಕಿ’ ಎಂದು ಆಸೆಯಿಂದ ಕೇಳಿದಾಗ ಮೊದಲು ನನ್ನ ಕೈ ಮಂಡಿ ತಟ್ಟುವುದು ಇದೇ ಆತಂಕದಿಂದ. ರಾಗ ಕೆಡದಂತೆ ವೇಗವನ್ನು ತುಸು ಹೆಚ್ಚು ಕಡಿಮೆ ಮಾಡುವ ಆ್ಯಪ್‌ಗಳಿವೆ; 117ರ ಹಾಡನ್ನು 121ಕ್ಕೆ ಏರಿಸಿದರೆ ಕಿವಿಗೆ ಗೊತ್ತಾಗುವುದಿಲ್ಲ. 113ನ್ನು ಎಳೆದು ತಂದರೆ ಮಾತ್ರ ಗಾಯಕರ ಉಸಿರು ಅವಸರದ್ದಾಗಿ ಕೇಳುತ್ತದೆ. ಅಂಥವನ್ನು ನಾನು ಆರಂಭದ ವಾರ್ಮ್‌ಅಪ್‌ಗೆ ಇಡುತ್ತೇನೆ. ಅಲ್ಲಿ ಕಾಲು ಇನ್ನೂ ತಾಳ ಹಿಡಿದಿರುವುದಿಲ್ಲ, ಭುಜ ಸಡಿಲಿಸುವುದು, ಸೀಟಿನ ಎತ್ತರ ನೋಡಿಕೊಳ್ಳುವುದು ನಡೆದಿರುತ್ತದೆ. ಹಾಡು ಹಾಡಾಗಿಯೇ ಇರಬಹುದು.

ಹಾಡಿನ ಪೆಟ್ಟು ಎಣಿಸಿಕೊಡುವ ಜಾಲತಾಣಗಳನ್ನೂ ಆ್ಯಪ್‌ಗಳನ್ನೂ ನಾನು ಬಳಸುತ್ತೇನೆ, ಆದರೆ ಅವುಗಳ ಮಾತೇ ಕೊನೆಯೆಂದು ನಂಬುವುದಿಲ್ಲ. 70ರ ಹಾಡನ್ನು 140 ಎಂದೂ 160ರದನ್ನು 80 ಎಂದೂ ಅವು ಹೇಳುತ್ತವೆ. ಇನ್ನು ಹಳೆಯ ಚಿತ್ರಗೀತೆಗಳು. ವಾದ್ಯಗಾರರೆಲ್ಲ ಒಟ್ಟಿಗೆ ಕೂತು, ಕಿವಿಯಲ್ಲಿ ಯಂತ್ರದ ಟಿಕ್‌ಟಿಕ್ ಇಲ್ಲದೆ ನುಡಿಸಿದ ಕಾಲದ ಧ್ವನಿಮುದ್ರಣಗಳಲ್ಲಿ ವೇಗ ಒಂದೇ ಸಮನೆ ಇರುವುದಿಲ್ಲ. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ತುಸು ಹಿಂದೆ ಸರಿಯುತ್ತದೆ, ಕೊನೆಯ ಪಲ್ಲವಿಗೆ ಬರುವಾಗ ಉತ್ಸಾಹದಿಂದ ಮುಂದೆ ಸಾಗುತ್ತದೆ. ಹೊಸ ಕಾಲದ ಬೋಧಕರು ಇದನ್ನು ದೋಷ ಎನ್ನುತ್ತಾರೆ. ನನಗೆ ಅದು ಇಷ್ಟ. ದಣಿಯುವ ಕಾಲಿನ ವೇಗವೂ ಹಾಗೆಯೇ ಹಿಂದೆ ಮುಂದೆ ಆಗುತ್ತದೆ.

ಸಂಗೀತಕ್ಕೂ ಸೈಕಲ್ಲಿಗೂ ಇರುವ ನಂಟನ್ನು ಅಳೆದು ನೋಡುವ ಕೆಲಸ ಹಳೆಯದು. 1911ರಲ್ಲಿ ಲಿಯೊನಾರ್ಡ್ ಏರ್ಸ್ ಎಂಬ ಅಮೆರಿಕನ್ ಸಂಶೋಧಕ ನ್ಯೂಯಾರ್ಕಿನ ಆರು ದಿನಗಳ ಸೈಕಲ್ ಓಟದ ಬಗ್ಗೆ ಬರೆದರು. ಬ್ಯಾಂಡ್ ನುಡಿಸುತ್ತಿದ್ದಾಗ ಸವಾರರ ಸರಾಸರಿ ವೇಗ ಗಂಟೆಗೆ 19.6 ಮೈಲಿ, ಬ್ಯಾಂಡ್ ಸುಮ್ಮನಿದ್ದಾಗ 17.9. ಜನರ ಚಪ್ಪಾಳೆ, ಹೊತ್ತು, ದಣಿವು ಏನೆಲ್ಲ ಸೇರಿದ್ದರೂ ಬ್ಯಾಂಡಿನವರಿಗೆ ಅಂದು ಸಲ್ಲಬೇಕಾದ ಗೌರವ ಅದು. ನೂರು ವರ್ಷಗಳ ನಂತರ, 2010ರಲ್ಲಿ ಬ್ರಿಟನ್ನಿನ ಸಂಶೋಧಕರು 12 ಮಂದಿ ವಿದ್ಯಾರ್ಥಿಗಳಿಗೆ ಒಂದೇ ಹಾಡುಗಳನ್ನು ಮಾಮೂಲು ವೇಗದಲ್ಲಿ, ಶೇ. 10 ಹೆಚ್ಚು ವೇಗದಲ್ಲಿ, ಶೇ. 10 ಕಡಿಮೆ ವೇಗದಲ್ಲಿ ಕೇಳಿಸಿ, ಇಷ್ಟ ಬಂದಷ್ಟು ತುಳಿಯಲು ಬಿಟ್ಟರು. ಹಾಡು ವೇಗವಾದಾಗ ಅವರು ವ್ಯಯಿಸಿದ ಬಲ ಶೇ. 3.5 ಹೆಚ್ಚಿತು. ಹಾಡು ನಿಧಾನವಾದಾಗ ಅದು ಶೇ. 9.8 ಕುಗ್ಗಿತು. ಏರಿಕೆಗಿಂತ ಕುಸಿತ ದೊಡ್ಡದು ಎಂಬುದನ್ನು ಗಮನಿಸಿ. ಬೋಧಕರು ವೇಗದ ಹಾಡಿನಿಂದ ಗಳಿಸುವುದಕ್ಕಿಂತ ತಪ್ಪು ಹಾಡಿನಿಂದ ಕಳೆಯುವುದೇ ಹೆಚ್ಚು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ನನಗೆ ಎಲ್ಲಕ್ಕಿಂತ ಹತ್ತಿರವಾದ ಅಧ್ಯಯನ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ತಾಸ್ ಕರಗಿಯೋರ್ಗಿಸ್ ಮತ್ತು ಅವರ ಸಂಗಡಿಗರದು, 2012ರಲ್ಲಿ ಪ್ರಕಟವಾದದ್ದು. ಅವರು ಎಲ್ಲರನ್ನೂ ನಿಮಿಷಕ್ಕೆ 65 ಸುತ್ತಿನಲ್ಲಿ ತುಳಿಸಿದರು. ಒಮ್ಮೆ ಕಾಲಿಗೆ ಸರಿಯಾಗಿ ಹೊಂದುವ 130 ಪೆಟ್ಟಿನ ಸಂಗೀತ, ಒಮ್ಮೆ ಅದಕ್ಕಿಂತ ತುಸು ನಿಧಾನದ್ದು, ಒಮ್ಮೆ ತುಸು ವೇಗದ್ದು. ಕಾಲು ಮತ್ತು ತಾಳ ಕೂಡಿದಾಗ, ನಿಧಾನದ ಸಂಗೀತಕ್ಕೆ ಹೋಲಿಸಿದರೆ, ಅದೇ ಕೆಲಸಕ್ಕೆ ದೇಹ ಬಳಸಿದ ಆಮ್ಲಜನಕ ಸುಮಾರು ಶೇ. 7ರಷ್ಟು ಕಡಿಮೆಯಾಯಿತು. ಸಂಗೀತ ಇಲ್ಲಿ ಹುರುಪು ತುಂಬುವುದಷ್ಟೇ ಅಲ್ಲ, ಚಲನೆಯ ಸಣ್ಣಪುಟ್ಟ ಪೋಲನ್ನು ತಡೆದು ಉಸಿರನ್ನು ಉಳಿಸುತ್ತದೆ. 65 ಸುತ್ತು, 130 ಪೆಟ್ಟು: ನನ್ನ ಏರಿನ ಹಾಡುಗಳು ಮುಕ್ಕಾಲು ಪಾಲು ಇದರ ಆಸುಪಾಸಿನವೇ.

ಪೆಟ್ಟು ಹೊಂದಿದರೆ ಸಾಲದು, ಹಾಡಿನ ಕಟ್ಟೋಣವೂ ಹೊಂದಬೇಕು. ಇಲ್ಲಿ ನಮ್ಮ ಚಿತ್ರಗೀತೆ ನನಗೆ ಕೊಟ್ಟಷ್ಟನ್ನು ಬೇರೆ ಯಾವುದೂ ಕೊಟ್ಟಿಲ್ಲ. ಪಲ್ಲವಿ, ನಡುವಿನ ವಾದ್ಯಸಂಗೀತ, ಚರಣ, ಮತ್ತೆ ಪಲ್ಲವಿ; ಇನ್ನೊಂದು ವಾದ್ಯಸಂಗೀತ, ಇನ್ನೊಂದು ಚರಣ, ಕೊನೆಯ ಪಲ್ಲವಿ. ಏರಿನ ಐದು ನಿಮಿಷಗಳನ್ನು ಹಂಚಲು ಇದಕ್ಕಿಂತ ಒಳ್ಳೆಯ ನಕ್ಷೆ ಬೇಕೆ? ಪಲ್ಲವಿಯಲ್ಲಿ ಕೂತು ತುಳಿಯುತ್ತ ಬಿಗಿ ಕಂಡುಕೊಳ್ಳುತ್ತೇವೆ. ಮೊದಲ ವಾದ್ಯಸಂಗೀತ ಬಂದಾಗ ಬಿಗಿ ಒಂದು ಸುತ್ತು ಹೆಚ್ಚಿಸಿ ಸೀಟಿನಿಂದ ಏಳುತ್ತೇವೆ. ಚರಣದಲ್ಲಿ ಗಾಯಕರ ದನಿ ಸಾಮಾನ್ಯವಾಗಿ ಮೇಲಕ್ಕೆ ಹೊರಡುತ್ತದೆ, ಸಾಲುಗಳು ಉದ್ದವಾಗುತ್ತವೆ. ಅಲ್ಲಿ ನಾನು ಏನೂ ಹೇಳುವುದಿಲ್ಲ, ನಿಂತು ತುಳಿಯಲು ಬಿಡುತ್ತೇನೆ. ಪಲ್ಲವಿ ಮರಳಿದಾಗ ಕೂರುತ್ತೇವೆ. ಗೊತ್ತಿರುವ ಸಾಲು ಮತ್ತೆ ಬಂತು ಎಂಬುದೇ ಒಂದು ನೆಮ್ಮದಿ. ಎರಡನೇ ಬಾರಿ ಇದೇ ಏರು ಬಂದಾಗ ಹೇಳಿಕೊಡಬೇಕಾಗಿಯೇ ಇಲ್ಲ, ಹಾಡು ಗೊತ್ತಿದ್ದವರಿಗೆ ದಾರಿಯೂ ಗೊತ್ತಾಗಿರುತ್ತದೆ.

ಆದರೆ ನಡುವಿನ ವಾದ್ಯಸಂಗೀತವನ್ನು ಪೂರ್ತಿ ಕೇಳದೆ ಯಾವ ಹಾಡನ್ನೂ ತರಗತಿಗೆ ಒಯ್ಯಬಾರದು. ಎಷ್ಟೋ ಹಾಡುಗಳಲ್ಲಿ ಅಲ್ಲಿ ತಬಲಾ, ಡ್ರಮ್ಸ್ ಎರಡೂ ನಿಂತು ಪಿಟೀಲುಗಳ ಅಲೆ ಅಥವಾ ಒಂಟಿ ಕೊಳಲು ಉಳಿಯುತ್ತದೆ. ಪರದೆಯ ಮೇಲೆ ನಾಯಕಿ ತಿರುಗಿ ನೋಡುವುದಕ್ಕೆ ಅದು ಸರಿ. ಎದ್ದು ನಿಂತು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದವರ ಕಾಲಿಗೆ ಆಗ ಆಸರೆ ತಪ್ಪುತ್ತದೆ. ಅಂಥ ಹಾಡನ್ನು ಬಿಡಲು ಮನಸ್ಸಾಗದಿದ್ದರೆ ಅಷ್ಟು ಹೊತ್ತು ಎಲ್ಲರನ್ನೂ ಕೂರಿಸಿ, ನಾನೇ ಹ್ಯಾಂಡಲ್ ಮೇಲೆ ಕೈ ತಟ್ಟುತ್ತ ತಾಳ ಹಿಡಿಯುತ್ತೇನೆ. ಮೈಕಿನಲ್ಲಿ ಕೇಳುವ ಆ ಚಪ್ಪಾಳೆಗೆ ಹಿಂದಿನ ಸಾಲಿನವರೂ ಸೇರಿಕೊಂಡ ದಿನಗಳಿವೆ. ತರಗತಿಯಲ್ಲಿ ನನಗೆ ತುಂಬ ಸಂತೋಷ ಕೊಡುವ ಕ್ಷಣಗಳು ಅವು.

ತಾಳದ ಬಗೆಗಳ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ಪಾಶ್ಚಾತ್ಯ ಹಾಡುಗಳನ್ನಷ್ಟೇ ಬಳಸುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಅವರ ನೃತ್ಯಸಂಗೀತ ಬಹುಪಾಲು ನಾಲ್ಕರ ಲೆಕ್ಕ. ಕಾಲು ಎರಡು, ಲೆಕ್ಕ ನಾಲ್ಕು. ಮೊದಲ ಪೆಟ್ಟು ಯಾವಾಗಲೂ ಅದೇ ಕಾಲಿಗೆ ಬೀಳುತ್ತದೆ. ನಮ್ಮ ಆದಿತಾಳದ್ದೂ ಅದೇ ಕಥೆ. ಬಲಗಾಲಿನಲ್ಲಿ ಶುರು ಮಾಡಿದವರು ಇಡೀ ಹಾಡಿನಲ್ಲಿ ಒತ್ತನ್ನು ಬಲಗಾಲಿಗೇ ಕೊಡುತ್ತಾರೆ. ಹಾಗಾಗಿ ಒಂದು ಹಾಡು ಬಲಗಾಲಿನಿಂದ, ಮುಂದಿನದು ಎಡಗಾಲಿನಿಂದ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ತಿಶ್ರದ ನಡೆಯಲ್ಲಿ, ಅಂದರೆ ಪ್ರತಿ ಪೆಟ್ಟೂ ಮೂರಾಗಿ ಒಡೆಯುವ ‘ತಕಿಟ ತಕಿಟ’ ಓಟದಲ್ಲಿ, ಕಾಲು ಪೆಟ್ಟಿನ ಮೊದಲಿಗೆ ಇಳಿದರೆ ಉಳಿದೆರಡು ಮಾತ್ರೆಗಳು ಕಾಲು ಸುತ್ತಿಬರುವ ಜಾಗವನ್ನು ತುಂಬುತ್ತವೆ. ತಮಟೆಯ ಎಷ್ಟೋ ಕುಣಿತದ ಹೊಡೆತಗಳು ನನ್ನ ಕಿವಿಗೆ ಹೀಗೆಯೇ ಕೇಳಿಸಿವೆ. ಸೀಟಿನಿಂದ ಎದ್ದು ಓಡುವ ಭಾಗಕ್ಕೆ ಇದರಷ್ಟು ಒಗ್ಗುವ ನಡೆ ಇನ್ನೊಂದಿಲ್ಲ. ಮೈ ತಾನಾಗಿ ಅಕ್ಕಪಕ್ಕಕ್ಕೆ ತೂಗುತ್ತದೆ.

ಐದರ ಖಂಡಛಾಪು, ಏಳರ ಮಿಶ್ರಛಾಪು ಬಂದಾಗ ಇನ್ನೊಂದು ಸೊಗಸು. ಪೆಟ್ಟಿಗೊಂದು ಕಾಲು ಇಟ್ಟರೆ ತಾಳದ ಸಮ, ಅಂದರೆ ಮೊದಲ ಪೆಟ್ಟು, ಒಂದು ಆವರ್ತದಲ್ಲಿ ಬಲಗಾಲಿಗೆ, ಮುಂದಿನದರಲ್ಲಿ ಎಡಗಾಲಿಗೆ ಬೀಳುತ್ತದೆ. ಒತ್ತು ತಾನಾಗಿ ಹಂಚಿಹೋಗುತ್ತದೆ. ಮೊದಮೊದಲು ಎಲ್ಲರೂ ತಡವರಿಸುತ್ತಾರೆ, ಎರಡನೇ ಚರಣದ ಹೊತ್ತಿಗೆ ಮುಖದಲ್ಲಿ ನಗು ಕಾಣಿಸುತ್ತದೆ. ಭರತನಾಟ್ಯ ಕಲಿತ ಹುಡುಗಿಯರು ನನಗಿಂತ ಮೊದಲೇ ಸಮ ಹಿಡಿದು ತಲೆದೂಗುತ್ತಾರೆ. ಇದನ್ನು ನಾನು ತೀರಾ ಕಷ್ಟದ ಭಾಗಕ್ಕೆ ಇಡುವುದಿಲ್ಲ. ಲೆಕ್ಕಕ್ಕೆ ಮನಸ್ಸು ಬೇಕು, ಮನಸ್ಸು ಖಾಲಿ ಇರುವಲ್ಲಿ ಇಡಬೇಕು.

ಇಷ್ಟಾದ ಮೇಲೆ ಪದಗಳ ವಿಚಾರ. ನನಗೆ ಅತ್ಯಂತ ಮುಖ್ಯವಾದದ್ದೂ ಇದೇ.

ವೇಗದ ಓಟದಲ್ಲಿ ಪದ ಕೇಳಿಸುವುದಿಲ್ಲ. ಶ್ರಮ ತೀರಾ ಏರಿದಾಗ ಗಮನವೆಲ್ಲ ಉಸಿರಿಗೆ, ಎದೆಗೆ, ತೊಡೆಗೆ ಹೋಗುತ್ತದೆ. ಸಂಗೀತ ಮನಸ್ಸನ್ನು ಬೇರೆಡೆಗೆ ಸೆಳೆಯುವ ಶಕ್ತಿ ಅಲ್ಲಿ ಕುಗ್ಗುತ್ತದೆ ಎಂದು ಈ ಕ್ಷೇತ್ರದ ಸಂಶೋಧಕರೂ ಹೇಳುತ್ತಾರೆ. ಮೂವತ್ತು ಸೆಕೆಂಡಿನ ಬಿರುಸಿನ ಓಟಕ್ಕೆ ಯಾವ ಭಾಷೆಯ ಹಾಡಾದರೂ ನಡೆದೀತು, ಪದಗಳಿಲ್ಲದ ಬರೀ ಡ್ರಮ್ಸ್ ಆದರೂ ಆದೀತು. ಏರು ಬೇರೆ. ಅಲ್ಲಿ ಕಷ್ಟವಿದೆ, ಆದರೆ ತಡೆದುಕೊಳ್ಳಬಹುದಾದ ಕಷ್ಟ, ಉಸಿರು ಭಾರವಾದರೂ ಕಟ್ಟಿಲ್ಲ, ನಿಮಿಷಗಳು ಉದ್ದ. ‘ಇನ್ನೆಷ್ಟು ಹೊತ್ತು’ ಎಂದು ಮನಸ್ಸು ಕೇಳತೊಡಗುವುದು ಅಲ್ಲಿ. ಆಗ ಕಿವಿಗೆ ಬೀಳುವ ಪದ ನೇರ ಒಳಗೆ ಇಳಿಯುತ್ತದೆ. ಹಾಗಿದ್ದ ಮೇಲೆ ಆ ಪದ ಅವರ ಭಾಷೆಯದಾಗಿರಬೇಡವೇ?

ದುಡಿಮೆಯ ಜೊತೆ ಹಾಡು ಹೆಣೆದವರಲ್ಲಿ ನಮ್ಮ ಹಳ್ಳಿಯ ಹೆಣ್ಣುಮಕ್ಕಳಷ್ಟು ತಿಳಿದವರು ಯಾರಿದ್ದಾರೆ! ಬೀಸುವ ಪದಗಳನ್ನು ನೆನೆದುಕೊಳ್ಳಿ. ನಸುಕಿಗೂ ಮುಂಚೆ ಎದ್ದು, ಒಬ್ಬರೇ ಅಥವಾ ಇಬ್ಬರು ಎದುರುಬದುರು ಕೂತು, ಕಲ್ಲಿನ ಗೂಟ ಹಿಡಿದು ರಾಗಿಯನ್ನೋ ಜೋಳವನ್ನೋ ಬೀಸುತ್ತ ಹಾಡಿದ ಪದಗಳು. ಅದೂ ಒಂದು ಚಕ್ರವೇ, ಅದೂ ನಿಂತಲ್ಲೇ ಸುತ್ತುವುದೇ, ಅಲ್ಲೂ ಕಲ್ಲಿನ ಭಾರಕ್ಕೆ ತಕ್ಕಂತೆ ವೇಗ. ಹಾಡು ಕೈಯನ್ನು ಅವಸರಪಡಿಸುತ್ತಿರಲಿಲ್ಲ, ಕೈ ನಿಲ್ಲಲೂ ಬಿಡುತ್ತಿರಲಿಲ್ಲ. ಆ ಪದಗಳ ತ್ರಿಪದಿಯ ಕಟ್ಟು ಗಮನಿಸಿ: ಎರಡು ಉದ್ದ ಸಾಲು, ಮೂರನೆಯದು ಮೊಟಕು. ಆ ಮೊಟಕಾದ ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಳ್ಳಲು ಜಾಗ ಇದೆ. ತವರು, ಅಣ್ಣ, ತೊಟ್ಟಿಲ ಕೂಸು, ಬೀಸುವ ಕಲ್ಲನ್ನೇ ತಾಯಿಯೆಂದು ಕರೆದು ಬೇಡುವುದು, ಎಲ್ಲವೂ ಆ ಸಾಲುಗಳಲ್ಲಿ ಬರುತ್ತದೆ. ನನ್ನ ಅಜ್ಜಿ ಬೀಸುವಾಗ ಹಾಡುತ್ತಿದ್ದುದನ್ನು ಅಮ್ಮ ಹೇಳುತ್ತಿದ್ದರು. ನಾನು ಕೇಳುವ ಹೊತ್ತಿಗೆ ಊರಿಗೆ ಹಿಟ್ಟಿನ ಗಿರಣಿ ಬಂದು ಬಹಳ ಕಾಲವಾಗಿತ್ತು. ಒಂದು ಬೀಸುವ ಪದದ ಧ್ವನಿಮುದ್ರಣವನ್ನು ಏರಿಗೆ ಹಾಕಿದಾಗ, ಯಂತ್ರದ ತಾಳ ಇಲ್ಲದ ಆ ಬರಿಗೊರಳ ಹಾಡಿಗೆ ಕೋಣೆಯ ಕಾಲುಗಳೆಲ್ಲ ಒಂದಾಗಿ ಹೊಂದಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕನ್ನಡದ ಹಾಡುಗಳನ್ನು ತರಗತಿಗೆ ತರುವುದು ಸಲೀಸಾಗಿ ಆಗಲಿಲ್ಲ. ನಾನು ಹಿಂದೆ ಕಲಿಸುತ್ತಿದ್ದ ಒಂದು ಜಿಮ್ಮಿನ ವ್ಯವಸ್ಥಾಪಕರು ನೇರವಾಗಿಯೇ ಹೇಳಿದ್ದರು: ‘ಇಲ್ಲಿ ಎಲ್ಲ ಊರಿನವರೂ ಬರುತ್ತಾರೆ, ಇಂಗ್ಲಿಷ್ ಹಾಕಿ, ಹೆಚ್ಚೆಂದರೆ ಹಿಂದಿ. ಕನ್ನಡ ಹಾಕಿದರೆ ಜನ ಬಿಟ್ಟುಹೋಗುತ್ತಾರೆ.’ ಬೆಂಗಳೂರಿನ ನಡುಮಧ್ಯೆ ಕೂತು ಕೇಳಿದ ಆ ಮಾತು ನನ್ನನ್ನು ಬಹಳ ನೋಯಿಸಿತು. ಸ್ಪ್ಯಾನಿಷ್ ಹಾಡಿಗೆ ಯಾರೂ ಅರ್ಥ ಕೇಳದೆ ಕುಣಿಯುವ ಕೋಣೆಯಲ್ಲಿ ಕನ್ನಡಕ್ಕೆ ಮಾತ್ರ ಅರ್ಥದ ತಕರಾರು ಏಕೆ? ನಾನು ಜಗಳಕ್ಕೆ ಹೋಗಲಿಲ್ಲ, ಹಾಡನ್ನೂ ಬಿಡಲಿಲ್ಲ. ಪ್ರತಿ ತರಗತಿಯ ದೊಡ್ಡ ಏರಿಗೆ ಕನ್ನಡದ ಹಾಡನ್ನೇ ಇಟ್ಟೆ. ಯಾರೂ ಬಿಟ್ಟುಹೋಗಲಿಲ್ಲ. ಪಾಟ್ನಾ ಕಡೆಯ ಹುಡುಗನೊಬ್ಬ ಬಂದು ‘ಆ ಪಲ್ಲವಿಯ ಅರ್ಥವೇನು’ ಎಂದು ಕೇಳಿ, ಮುಂದಿನ ವಾರ ಅದನ್ನು ಜೋರಾಗಿ ಹಾಡುತ್ತ ತುಳಿದ. ವೈದ್ಯರು ವ್ಯಾಯಾಮ ಮಾಡಲೇಬೇಕೆಂದು ಹೇಳಿದ್ದಕ್ಕೆ ಅಳುಕುತ್ತ ಸೇರಿಕೊಂಡಿದ್ದ, ಅರವತ್ತು ದಾಟಿದ ಒಬ್ಬ ತಾಯಿ ತರಗತಿ ಮುಗಿದ ಮೇಲೆ ನನ್ನ ಕೈ ಹಿಡಿದು, ‘ಇಲ್ಲಿ ನಮ್ಮ ಹಾಡು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ ಕಣಮ್ಮ, ಮನೆಯಲ್ಲೇ ಇದ್ದ ಹಾಗಾಯಿತು’ ಎಂದರು. ಅವರು ಆಮೇಲೆ ಮೂಲೆಯ ಸೈಕಲ್ ಬಿಟ್ಟು ಮುಂದಿನ ಸಾಲಿಗೆ ಬಂದರು.

ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸಲು ತಯಾರಾಗುವವರೂ ನನ್ನ ತರಗತಿಗೆ ಬರುತ್ತಾರೆ. ಬೆಟ್ಟದ ತಿರುವಿನಲ್ಲಿ ಉಸಿರು ಕಟ್ಟಿದಾಗ ತರಗತಿಯ ಏರಿನ ಹಾಡನ್ನೇ ಬಾಯಲ್ಲಿ ಗುನುಗಿ ಕಾಲಿನ ಲಯ ಹಿಡಿದೆವು ಎಂದು ಅವರಲ್ಲಿ ಕೆಲವರು ಹೇಳಿದ್ದಾರೆ. ಹೊರಗಿನ ರಸ್ತೆಯಲ್ಲಿ ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬೇಡಿ ಎಂದು ನಾನು ಪದೇ ಪದೇ ಹೇಳುವುದರಿಂದ, ಬಾಯಲ್ಲಿ ಉಳಿಯುವ ಹಾಡೇ ಅವರಿಗೆ ಬೇಕು. ಬಾಯಲ್ಲಿ ಉಳಿಯುವುದು ಬಾಯಿಗೆ ಬರುವ ಭಾಷೆಯ ಹಾಡು.

ಪದಗಳಿಗೆ ಇಷ್ಟು ಬೆಲೆ ಕೊಟ್ಟ ಮೇಲೆ ಕೆಲವನ್ನು ತಳ್ಳಲೇಬೇಕಾಗುತ್ತದೆ. ತಾಳ ಎಷ್ಟೇ ಚೆನ್ನಾಗಿದ್ದರೂ ಹೆಣ್ಣನ್ನು ಹಂಗಿಸುವ, ಹಿಂಬಾಲಿಸಿ ಕಾಡುವುದನ್ನೇ ಪ್ರೀತಿಯೆಂದು ಕೊಂಡಾಡುವ ಹಾಡು ನನ್ನ ತರಗತಿಗೆ ಬರುವುದಿಲ್ಲ. ಕೋಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಣ್ಣುಮಕ್ಕಳು. ಬೆವರಿ, ಕೂದಲು ಕೆದರಿ, ತಮ್ಮ ಮೈಯ ಬಗ್ಗೆ ಇದ್ದ ಸಂಕೋಚವನ್ನು ಬಿಟ್ಟು ಅವರು ದುಡಿಯುತ್ತಿರುವಾಗ ಅವರನ್ನೇ ಅಣಕಿಸುವ ಸಾಲನ್ನು ನಾನು ಮೈಕಿನಿಂದ ಕೇಳಿಸಲಾರೆ. ಕುಡಿತವನ್ನು ಹೊಗಳುವ ಹಾಡುಗಳೂ ಹೊರಗೆ. ದೇವರನಾಮಗಳನ್ನು ಬೇರೆಯದೇ ಕಾರಣಕ್ಕೆ ಬಳಸುವುದಿಲ್ಲ: ಬೂಟು ತೊಟ್ಟು, ಏದುಸಿರು ಬಿಡುತ್ತ ಅವನ್ನು ಕೇಳಲು ಹಲವರಿಗೆ ಮನಸ್ಸು ಒಪ್ಪುವುದಿಲ್ಲ, ಕೋಣೆಯಲ್ಲಿ ಎಲ್ಲ ನಂಬಿಕೆಯವರೂ ಇರುತ್ತಾರೆ.

ದನಿಯ ಮಟ್ಟದ ಬಗ್ಗೆ ನಾನು ಹಟಮಾರಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 94 ಡೆಸಿಬೆಲ್‌ಗೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಮುಚ್ಚಿದ ಕೋಣೆ, ಗೋಡೆಗೆಲ್ಲ ಕನ್ನಡಿ, ನಾಲ್ಕು ಮೂಲೆಗೆ ಸ್ಪೀಕರ್: 100 ತಲುಪುವುದು ಕಷ್ಟವೇನಲ್ಲ. ಬಂದವರು ಒಂದು ತರಗತಿ ಕೇಳಿ ಹೋಗುತ್ತಾರೆ, ಕಲಿಸುವವರು ದಿನಕ್ಕೆರಡು ಮೂರು ಕೇಳುತ್ತಾರೆ. ದನಿ ಏರಿಸಿದರೆ ಹುರುಪು ಏರುತ್ತದೆ ಎನ್ನುವವರಿಗೆ ನಾನು ಹೇಳುವುದಿಷ್ಟೇ: ತಾಳ ಸರಿಯಿದ್ದರೆ ಸಣ್ಣ ದನಿಗೂ ಕಾಲು ಏಳುತ್ತದೆ.

ಹಕ್ಕಿನ ಪ್ರಶ್ನೆಯನ್ನೂ ಬೋಧಕರು ತಿಳಿದಿರಬೇಕು. ನಾವು ತಿಂಗಳಿಗೆ ದುಡ್ಡು ಕಟ್ಟಿ ಪಡೆದ ಸಂಗೀತ ಆ್ಯಪ್‌ಗಳ ಚಂದಾ ಸ್ವಂತ ಕೇಳುವಿಕೆಗೆ ಮಾತ್ರ. ಹಣ ಪಡೆದು ನಡೆಸುವ ತರಗತಿಯಲ್ಲಿ ಹಾಕಲು ಜಿಮ್ ಪರವಾನಗಿ ಪಡೆದಿರಬೇಕು. ಇಂಥ ತರಗತಿಗಳ ವಿಡಿಯೊ ನೀಡುವ ಅಮೆರಿಕದ ಪೆಲೋಟನ್ ಕಂಪನಿಯ ಮೇಲೆ, ಪರವಾನಗಿ ಇಲ್ಲದೆ ಹಾಡು ಬಳಸಿತೆಂದು ಸಂಗೀತ ಪ್ರಕಾಶಕರು 2019ರಲ್ಲಿ ಮೊಕದ್ದಮೆ ಹೂಡಿದ್ದರು, 2020ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ನಮ್ಮಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಗೀತರಚನೆಕಾರರಿಗೂ ಸಂಗೀತ ಸಂಯೋಜಕರಿಗೂ ಗೌರವಧನದ ಪಾಲನ್ನು ಖಚಿತಪಡಿಸಿತು. ಏರಿನಲ್ಲಿ ನಮ್ಮನ್ನು ಕಾಪಾಡಿದ ಸಾಲು ಬರೆದವರಿಗೆ ಅವರ ಪಾಲು ಸೇರಲಿ. ಹೊಸ ಜಿಮ್ಮಿಗೆ ಸೇರುವಾಗ ನಾನು ಸ್ಪೀಕರ್ ನೋಡುವುದಕ್ಕೂ ಮೊದಲು ಪರವಾನಗಿ ಇದೆಯೇ ಎಂದು ಕೇಳುತ್ತೇನೆ.

ಈಗ ನನಗಿರುವ ಕೊರತೆ ಉದ್ದನೆಯ ಹಾಡಿನದು. ಚಿತ್ರಗೀತೆಗಳು ದಿನೇ ದಿನೇ ಮೊಟಕಾಗುತ್ತಿವೆ, ಎರಡನೇ ಚರಣವೇ ಇಲ್ಲದ ಹಾಡುಗಳು ಬರುತ್ತಿವೆ. ಎಂಟು ನಿಮಿಷದ ಏರಿಗೆ ಎರಡು ಹಾಡು ಜೋಡಿಸಿದರೆ ನಡುವೆ ಲಯ ಕಡಿದುಹೋಗುತ್ತದೆ. ಡೊಳ್ಳು ಕುಣಿತದ, ಕಂಸಾಳೆಯ ಉದ್ದನೆಯ ಧ್ವನಿಮುದ್ರಣಗಳನ್ನು ಹುಡುಕಿ ನೋಡುತ್ತಿದ್ದೇನೆ. ಡೊಳ್ಳು ನಿಧಾನಕ್ಕೆ ಶುರುವಾಗಿ ಹಂತ ಹಂತವಾಗಿ ವೇಗ ಹಿಡಿಯುವುದರಿಂದ ಏರಿನ ಕೊನೆಯ ಎರಡು ನಿಮಿಷಕ್ಕೆ, ತುದಿ ಮುಟ್ಟುವ ಓಟಕ್ಕೆ ಚೆನ್ನಾಗಿ ಒದಗುತ್ತದೆ. ಅದಕ್ಕೂ ಮುಂಚಿನ ಆರು ನಿಮಿಷಕ್ಕೆ ಬೇಕಾದದ್ದು ಇನ್ನೂ ಸಿಕ್ಕಿಲ್ಲ: 64ರಿಂದ 68 ಸುತ್ತಿನೊಳಗೆ ನಿಲ್ಲುವ, ಮೇಲೆ ಯಂತ್ರದ ಸದ್ದು ಹೇರದ, ಹೆಂಗಸರ ಕೊರಳಿನ ಬೀಸುವ ಪದ ಅಥವಾ ಕುಟ್ಟುವ ಪದ. ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ತಿಳಿಸಿ. ಧ್ವನಿಮುದ್ರಣ ಇಲ್ಲದಿದ್ದರೂ ಚಿಂತೆಯಿಲ್ಲ, ಹಾಡುವವರು ಒಪ್ಪಿದರೆ ಊರು ಯಾವುದೆಂದು ಹೇಳಿ, ನಾನೇ ಬಂದು ಕೇಳುತ್ತೇನೆ.